ಸಹಾಯ ಬೇಕು: ಹಳೇ ಲಾರಿ ಚಾಸಿಗೆ ಡೀಸೆಲ್ ಟ್ಯಾಂಕ್ ಕೂರಿಸಬೇಕು

ನಮಸ್ಕಾರ. ಮಂಡ್ಯದಲ್ಲಿ ಹಳೇ ಟಾಟಾ-ಮರ್ಸಿಡಿಸ್ ಲಾರಿಯೊಂದನ್ನು ರೆಡಿ ಮಾಡಿಸುತ್ತಿದ್ದೇನೆ. ಚಾಸಿ (ಲಾರಿಯ ಅಡಿಯ ಕಬ್ಬಿಣದ ಚೌಕಟ್ಟು) ಗಿಡ್ಡ ಮಾಡಿಸಿದ್ದರಿಂದ ಟ್ಯಾಂಕಿನ ಹಳೇ ಜಾಗ ಹೋಯಿತು.

ವೆಲ್ಡರ್ ಅಣ್ಣ "ಚಾಸಿಗೇ ವೆಲ್ಡ್ ಹೊಡೆದುಬಿಡೋಣ ಸಾರ್" ಅಂತಾರೆ. ನನಗೆ ಧೈರ್ಯವಿಲ್ಲ. ಬೆಸುಗೆ ಬಿಸಿ ತಾಗಿದ ಕಡೆಯೇ ಬಿರುಕು ಬಿಡುತ್ತೆ, ಅಲ್ವಾ? 100 ಲೀಟರ್ ಡೀಸೆಲ್ಲೇ 80 ಕೆಜಿಗಿಂತ ಜಾಸ್ತಿ ತೂಗುತ್ತೆ. ಚಾಸಿಯ ನಿಂತ ಮುಖಕ್ಕೆ ಬೋಲ್ಟ್ ಹಾಕಿ ಎಲ್ ಬ್ರಾಕೆಟ್ ಕೊಡೋದು, ಮೇಲೆ-ಕೆಳಗಿನ ಅಂಚಿಗೆ ತೂತು ಹೊಡೆಯದಿರೋದು ನನ್ನ ಯೋಚನೆ. ಟ್ಯಾಂಕ್ ಸುತ್ತ ಕಬ್ಬಿಣದ ಪಟ್ಟಿ, ಒಳಗೆ ರಬ್ಬರ್. ರಬ್ಬರ್ ಇಲ್ಲದೆ ಬಿಗಿದರೆ ತಗಡು ಉಜ್ಜಿ ಉಜ್ಜಿ ತೂತಾಗುತ್ತೆ.

ಎರಡು ಬ್ರಾಕೆಟ್ ಸಾಕಾ, ಮೂರು ಬೇಕಾ? ಪಟ್ಟಿ ಎಷ್ಟು ದಪ್ಪ ಇರಬೇಕು? ಸೈಲೆನ್ಸರ್ ಪೈಪ್ ಕೂಡ ಅದೇ ಪಕ್ಕ ಹೋಗುತ್ತೆ. ಅದರ ಬಿಸಿ ಟ್ಯಾಂಕಿಗೆ ತಾಗದ ಹಾಗೆ ನಡುವೆ ತಗಡು ಅಡ್ಡ ಕೊಟ್ಟರೆ ಆಗುತ್ತಾ, ಟ್ಯಾಂಕನ್ನೇ ಆಚೆ ಪಕ್ಕಕ್ಕೆ ಹಾಕಿಸಲಾ? ಮೈಸೂರು-ಮಂಡ್ಯ ಕಡೆ ಈ ಕೆಲಸ ಬಲ್ಲ ಮೇಸ್ತ್ರಿ ಗೊತ್ತಿದ್ದರೆ ದಯವಿಟ್ಟು ತಿಳಿಸಿ.