ಹಳೇ ಊರುಗಳ ಮ್ಯಾಪ್ ಕೊಳ್ಳುವವರಿಗೆ: ಮೊದಲು ಕಾಗದ ನೋಡಿ

ಪ್ರಶ್ನೆ: ಪಾಂಡಿಚೇರಿ, ಬೆಂಗಳೂರು ದಂಡು, ಇಂಥ ವಸಾಹತು ಕಾಲದ ಊರುಗಳ ಹಳೇ ಮುದ್ರಿತ ಮ್ಯಾಪ್ ಕೂಡಿಸುವ ಆಸೆ. ಎಲ್ಲಿಂದ ಶುರು ಮಾಡಲಿ? ಅಸಲಿ ಅಂತ ತಿಳಿಯುವುದು ಹೇಗೆ? ಕೊಂಡು ಅನುಭವ ಇರುವವರು ಹೇಳಿ.

ಉತ್ತರ 1: ನಾನು ಮೊದಲು ಮೋಸ ಹೋದದ್ದೇ ಒಂದು ಪಾಂಡಿಚೇರಿ ಮ್ಯಾಪ್‌ನಲ್ಲಿ. ಚಹಾ ಬಣ್ಣದ ಕಾಗದ, ಹರಿದ ಅಂಚು. ಮನೆಗೆ ತಂದು ಭೂತಗನ್ನಡಿ ಹಿಡಿದರೆ ಗೆರೆ ತುಂಬ ಬಣ್ಣಬಣ್ಣದ ಸಣ್ಣ ಚುಕ್ಕೆ! ಇತ್ತೀಚಿನ ಆಫ್‌ಸೆಟ್ ಪ್ರಿಂಟ್. ಆ ಬಣ್ಣ ನಿಜವಾಗಿ ಚಹಾದ್ದೇ ಇರಬೇಕು.

18ನೇ ಶತಮಾನದ ಮ್ಯಾಪ್‌ಗಳು ಹೆಚ್ಚಾಗಿ ತಾಮ್ರದ ತಗಡಿನಲ್ಲಿ ಕೆತ್ತಿ ಅಚ್ಚು ಹಾಕಿದವು. ತಗಡಿನ ಮೇಲೆ ಒದ್ದೆ ಕಾಗದ ಇಟ್ಟು ಜೋರಾಗಿ ಒತ್ತುತ್ತಿದ್ದರು. ಹಾಗಾಗಿ ಚಿತ್ರದ ಸುತ್ತ ತಗ್ಗಿದ ಗುರುತು ಉಳಿಯುತ್ತದೆ, ಬೆರಳಾಡಿಸಿದರೆ ಸಿಗುತ್ತದೆ. ಅಂಚು ಕತ್ತರಿಸಿದ್ದರೆ ಮಾತ್ರ ಹೋಗಿರುತ್ತದೆ. ಬೆಳಕಿಗೆ ಹಿಡಿಯಿರಿ, ಕಾಗದದ ಒಳಗೆ ಉದ್ದುದ್ದ ಗೆರೆ ಕಾಣಬೇಕು. ಕೈಯಲ್ಲಿ ಕಾಗದ ಮಾಡುವಾಗಿನ ಜರಡಿಯ ತಂತಿ ಗುರುತು ಅದು. ಮಡಿಕೆ ಕಂಡು ಬೇಜಾರಾಗಬೇಡಿ. ಇವನ್ನು ಪುಸ್ತಕದಲ್ಲಿ ಮಡಚಿ ಕೂರಿಸಿರುತ್ತಿದ್ದರು. ಮಡಿಕೆಯೇ ಇಲ್ಲದ ದೊಡ್ಡ ಮ್ಯಾಪ್ ಕಂಡರೇ ನನಗೆ ಅನುಮಾನ.

ಇಸವಿಯನ್ನೂ ಸುಮ್ನೆ ನಂಬಬೇಡಿ. ಬೆಲ್ಲಿನ್ ಎಂಬ ಫ್ರೆಂಚ್ ನಕ್ಷೆಗಾರನ 1764ರ ಅಟ್ಲಾಸ್‌ನಲ್ಲಿ ಪಾಂಡಿಚೇರಿ ಇದೆ. ಆದರೆ 1761ರಲ್ಲೇ ಇಂಗ್ಲಿಷರು ಆ ಊರನ್ನು ಹಿಡಿದು ಕೆಡವಿ ಹಾಕಿದ್ದರು. ಅಟ್ಲಾಸ್ ಬರುವ ಹೊತ್ತಿಗೆ ಅದರಲ್ಲಿರುವ ಕೋಟೆಯೇ ಇರಲಿಲ್ಲ! ನನಗಂತೂ ಅದಕ್ಕೇ ಆ ಮ್ಯಾಪ್ ಇಷ್ಟ.

ಉತ್ತರ 2: ಅಷ್ಟು ಹಳೇದಕ್ಕೆ ಮೊದಲೇ ಕೈ ಹಾಕಬೇಡಿ. ಮರ್ರೇ ಕಂಪನಿಯ ಪ್ರವಾಸಿ ಕೈಪಿಡಿಯಲ್ಲಿ ಬಂದ 1924ರ ಬೆಂಗಳೂರು ಮ್ಯಾಪ್‌ನಂಥದ್ದರಿಂದ ಶುರು ಮಾಡಿ. ಸಣ್ಣದು, ತಪ್ಪಾದರೂ ಜಾಸ್ತಿ ನಷ್ಟ ಇಲ್ಲ. ಅದರಲ್ಲಿ ಸಂಪಂಗಿ ಕೆರೆ ಇನ್ನೂ ಕೆರೆಯೇ. ಈಗ ಅಲ್ಲಿ ಕಂಠೀರವ ಸ್ಟೇಡಿಯಂ ಇದೆ, ಅಲ್ವಾ? ಕೊಳ್ಳುವ ಮೊದಲು ಡೇವಿಡ್ ರಮ್ಸಿ ಎಂಬ ಆನ್‌ಲೈನ್ ಹಳೇ ಮ್ಯಾಪ್ ಸಂಗ್ರಹದ ಸ್ಕ್ಯಾನ್‌ಗಳನ್ನು ನೋಡಿ ಕಣ್ಣು ಪಳಗಿಸಿಕೊಳ್ಳಿ. ದುಡ್ಡು ಕೊಡಬೇಕಿಲ್ಲ.

ಆಮೇಲೆ ಲ್ಯಾಮಿನೇಶನ್, ಸೆಲೋಟೇಪ್ ಎರಡೂ ಬೇಡವೇ ಬೇಡ. ನಾನು ಒಂದಕ್ಕೆ ಟೇಪ್ ಹಚ್ಚಿ ಜಾಣತನ ಮಾಡಿದ್ದೆ. ಕೆಲವೇ ವರ್ಷದಲ್ಲಿ ಟೇಪ್ ಉದುರಿತು, ಎಣ್ಣೆ ಜಿಡ್ಡಿನಂಥ ಕಂದು ಪಟ್ಟಿ ಮಾತ್ರ ಹಾಗೇ ಉಳಿಯಿತು. ಬಿಸಿಲು ಬೀಳುವ ಗೋಡೆಗೂ ತೂಗುಹಾಕಬೇಡಿ. ಕೈಯಲ್ಲಿ ತುಂಬಿದ ಬಣ್ಣ ಮೊದಲು ಮಾಸುತ್ತದೆ.

ಉತ್ತರ 3: ಹೊರದೇಶದಲ್ಲಿರುವವರಿಗೆ ಒಂದು ಮಾತು. 1972ರ ಪುರಾತನ ವಸ್ತುಗಳ ಕಾಯ್ದೆ ನೂರು ವರ್ಷ ದಾಟಿದ ವಸ್ತುಗಳನ್ನು ದೇಶದ ಹೊರಗೆ ಒಯ್ಯುವುದಕ್ಕೂ ಅನ್ವಯಿಸುತ್ತದೆ. ಚರಿತ್ರೆಯ ಬೆಲೆ ಇರುವ ದಾಖಲೆಯಾದರೆ 75 ವರ್ಷವೇ ಸಾಕು. ಇಲ್ಲಿ ಕೊಂಡು ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಹೊರಡುವ ಮೊದಲು ವಿಚಾರಿಸಿ. ನಾನು ದುಬೈನಲ್ಲಿರುವ ತಮ್ಮನಿಗೆ ಕೊಡಲು ಒಂದು ತಂದಿದ್ದೆ. ಕೊನೆಗೆ ಸ್ಕ್ಯಾನ್ ಮಾಡಿ ಕಳಿಸಿದೆ. ಅಸಲಿ ಇನ್ನೂ ನಮ್ಮ ಬೀರುವಿನಲ್ಲೇ ಇದೆ.