ಸೀನನ ಕಾರಿನ ಮೂತಿ

ಸೀನ ತನ್ನ 1975ರ ಬಿಎಂಡಬ್ಲ್ಯು 2002 ಕಾರಿನ (2002 ಇಸವಿಯಲ್ಲ, ಮಾಡೆಲ್ ಹೆಸರು) ಬಂಪರನ್ನು ಒಳಗೆ ತಳ್ಳಲೇಬೇಕು ಅಂತ ಹಠ ಹಿಡಿದಿದ್ದಾನೆ. ಅಮೆರಿಕದ ಫ್ರೀಮಾಂಟಿನ ಅವನ ಗ್ಯಾರೇಜಿನಲ್ಲಿ ನಾವು ಮೂವರೂ ಕಾಫಿ ಲೋಟಗಳನ್ನು ಅದೇ ಬಂಪರ್ ಮೇಲಿಟ್ಟು ಅದನ್ನೇ ಬೈಯುತ್ತಿದ್ದೆವು.

"ಯೂರೋಪಿನ 2002 ನೋಡ್ರೋ, ಬಂಪರ್ ಮೈಗೆ ಅಂಟಿಕೊಂಡಿರತ್ತೆ. ನಂದು ಬೀರು ಡ್ರಾಯರ್ ಎಳೆದು ಮುಚ್ಚೋದು ಮರೆತ ಹಾಗಿದೆ."

"ಅದು ಕಂಪನಿ ತಪ್ಪಲ್ಲ ಮಾರಾಯ," ಎಂದ ವಾಸು. "ಅಮೆರಿಕದ ಕಾನೂನು. 1973ರ ಮಾಡೆಲಿಂದ, ಗಂಟೆಗೆ 5 ಮೈಲಿ ವೇಗದಲ್ಲಿ ಗೋಡೆಗೆ ಗುದ್ದಿದ್ರೂ ಮುಂದಿನ ಹೆಡ್‌ಲೈಟು ಗಿಡ್‌ಲೈಟು ಕೆಡಬಾರದು ಅಂದ್ರು. ಮುಂದಿನ ವರ್ಷ ಹಿಂದಕ್ಕೂ 5 ಮೈಲಿ. ಆಮೇಲೆ 1982ರಲ್ಲಿ ಎರಡೂವರೆಗೆ ಇಳಿಸಿದ್ರು."

"ಅಂದ್ರೆ ಇವನ ಕಾರು ಮೇಷ್ಟ್ರು ಜೋರಾಗಿದ್ದಾಗಲೇ ಸ್ಕೂಲಿಗೆ ಸೇರಿದ್ದು," ಎಂದೆ. (ನನಗೇನೋ ಆ ದಪ್ಪ ಬಂಪರೇ ಇಷ್ಟ. ಹೇಳಿದರೆ ಸುಮ್ನೆ ಜಗಳ.)

"ಯೂಟ್ಯೂಬ್ ನೋಡಿದೀನಿ," ಎಂದ ಸೀನ. "ಬಂಪರ್ ಬಿಚ್ಚು, ಹಿಂದಿರೋ ಶಾಕ್ ಅಬ್ಸಾರ್ಬರ್‌ಗೆ ತೂತು ಕೊರಿ, ಎಣ್ಣೆ ಸೋರಿಸು, ಒಳಗೆ ಒತ್ತಿ ಬೋಲ್ಟ್ ಹಾಕು. ಮುಗೀತು."

ವಾಸು ಲೋಟ ಕೆಳಗಿಟ್ಟ. "ಕೆಲವದರಲ್ಲಿ ಗ್ಯಾಸ್ ಒತ್ತಿ ತುಂಬಿರ್ತಾರೆ ಕಣೋ. ಡ್ರಿಲ್ ಇಟ್ರೆ ಎಣ್ಣೆ ಸೀದಾ ಮುಖಕ್ಕೆ. ವೆಲ್ಡಿಂಗ್ ಮಾಡಕ್ಕೆ ಹೋದ್ರೆ ಸಿಡಿದೇ ಹೋಗಬಹುದು. ಅದಿರಲಿ, ಬೋಲ್ಟ್ ಹಾಕಿದ ಮೇಲೆ ಯಾರಾದ್ರೂ ಗುದ್ದಿದ್ರೆ?"

"ಬಂಪರ್ ಒಳಗೆ ಹೋಗತ್ತೆ."

"ಆಗಲೇ ಹೋಗಿಯಾಗಿದೆಯಲ್ಲೋ! ಇನ್ನೆಲ್ಲಿಗೆ ಹೋಗತ್ತೆ? ಏಟೆಲ್ಲ ಬಾಡಿಗೇ."

ಸೀನ ಬಗ್ಗಿ ಬಂಪರ್ ಸಂದಿಯೊಳಗೆ ಕೈ ಹಾಕಿದ. ಮುಷ್ಟಿ ಆರಾಮಾಗಿ ಒಳಗೆ ಹೋಯಿತು. ಇಷ್ಟು ಜಾಗ ಯಾಕೆ ಬಿಟ್ಟಿದ್ದಾರೆ ಅಂತ ಆಗ ಹೊಳೆದಿರಬೇಕು, ಮಾತು ನಿಂತಿತು.

"ಎಂಜಿಬಿ ಅಂತ ಬ್ರಿಟಿಷ್ ಸ್ಪೋರ್ಟ್ಸ್ ಕಾರಿದೆಯಲ್ಲ, ಅದನ್ನ ಇಟ್ಕೊಂಡಿರೋರನ್ನ ನೆನೆಸ್ಕೋ," ಎಂದು ವಾಸು ಸಮಾಧಾನ ಮಾಡಿದ. "1974ರ ಕೊನೇಲಿ ಮೂತಿಗೆ ಕರಿ ರಬ್ಬರ್ ಬಡಿದ್ರು. ಬಂಪರ್ ಎತ್ತರದ ರೂಲ್ಸ್ ಅಂತ ಕಾರನ್ನೂ ಮೇಲೆತ್ತಿದ್ರು. ತಿರುವಲ್ಲಿ ಓಲಾಡಕ್ಕೆ ಶುರು. ಬಂಪರ್ ಬದಲಾಯಿಸಿದ್ರೂ ಆ ರೋಗ ಹೋಗಲ್ಲ."

"ನನ್ನ ಕೇಳಿದ್ರೆ," ಎಂದೆ, "ಡ್ರಿಲ್ ಮುಟ್ಟಬೇಡ. ಯೂರೋಪಿನ ಸಣ್ಣ ಬಂಪರು, ಅದರದೇ ಬ್ರಾಕೆಟ್ ತರಿಸು. ಗುದ್ದಿದ್ರೆ ಅದೂ ಏನೂ ತಡೆಯಲ್ಲ, ಆದ್ರೆ ಬೇಡ ಅನಿಸಿದಾಗ ಹಳೇದನ್ನ ವಾಪಸ್ ಹಾಕಬಹುದು."

"ದುಡ್ಡು ಜಾಸ್ತಿ ಕಣೋ."

"ಇಲ್ಲಿನ ಆಸ್ಪತ್ರೆ ಬಿಲ್ಲಿಗಿಂತ ಕಡಿಮೆ. ಬಿಚ್ಚಿದ್ದನ್ನ ಜೋಪಾನವಾಗಿ ಅಟ್ಟಕ್ಕೆ ಹಾಕು."

"ಅಟ್ಟದಲ್ಲಿ ಜಾಗ ಇಲ್ಲ," ಎಂದ ಸೀನ. "ಹೋದ ಕಾರಿನ ಬಂಪರ್ ಇದೆ."