ವ್ಯಾಕ್ಯೂಮ್ ಹಾಕಿದ್ರೂ ಮೈಟರ್ ಸಾ ಹೊಟ್ಟು ಗೋಡೆಗೇ ಬಡೀತಿದೆ, ಏನ್ ಮಾಡೋದು?

ಸಿಲ್ವರ್‌ಕೊಟ್ಟಿಗೆ, ಸಕಲೇಶಪುರ:
10 ಇಂಚಿನ ಮೈಟರ್ ಸಾ, ಹಲಗೆ ಅಡ್ಡಕ್ಕೂ ಓರೆಗೂ ಕುಯ್ಯೋ ಕರೆಂಟ್ ಗರಗಸ. ಹೊಟ್ಟು ಹೊರಬರೋ ಹಿಂದಿನ ಮೂತಿಗೆ 1200 ವ್ಯಾಟಿನ ವ್ಯಾಕ್ಯೂಮ್ ಕೂರಿಸಿದೀನಿ. ಆದ್ರೂ ಮುಕ್ಕಾಲು ಪಾಲು ಹೊಟ್ಟು ಹಿಂದಿನ ಗೋಡೆಗೆ ಬಡೀತದೆ. ಹತ್ತು ನಿಮಿಷ ಕುಯ್ಯೋ ಹೊತ್ತಿಗೆ ವ್ಯಾಕ್ಯೂಮ್ ಎಳೆಯೋದೇ ನಿಂತುಹೋಗ್ತದೆ. ಫಿಲ್ಟರ್ ಕೊಡವಿ ಆಯ್ತು, ಜೋಡಣೆಗೆಲ್ಲ ಟೇಪ್ ಸುತ್ತಿ ಆಯ್ತು. ಪಕ್ಕದ ಕೋಣೇಲಿ ಕಾಫಿ ಮೂಟೆ ಇದಾವೆ, ಅದರ ಮೇಲೂ ಪುಡಿ. ಯಾವ ವ್ಯಾಕ್ಯೂಮ್ ತಗೋಬೇಕಿತ್ತು ಹೇಳಿ.

ಬಾಚಿಉಳಿ, ಹಾಸನ:
ವ್ಯಾಕ್ಯೂಮ್ ತಪ್ಪಲ್ಲ ಸರ್, ಮಧ್ಯ ಸೈಕ್ಲೋನ್ (ಗಾಳಿ ಸುತ್ತಿಸಿ ಹೊಟ್ಟು ಬೇರೆ ಮಾಡೋ ಆಲಿಕೆ) ಇಲ್ಲ, ಅಷ್ಟೇ. 20 ಲೀಟರ್ ಬಕೆಟ್ ಮೇಲೆ ಸೈಕ್ಲೋನ್ ಕೂರಿಸಿ. ದಪ್ಪ ಹೊಟ್ಟು ಸುತ್ತಿಕೊಂಡು ಬಕೆಟ್‌ಗೆ ಬೀಳ್ತದೆ, ನವುರು ಧೂಳು ಮಾತ್ರ ಫಿಲ್ಟರ್‌ಗೆ ಹೋಗ್ತದೆ. ಮುಚ್ಚಳದ ಅಂಚಿಗೆ ಫೋಮ್ ಪಟ್ಟಿ ಅಂಟಿಸೋದು ಮರೀಬೇಡಿ. ಅಲ್ಲಿ ಸ್ವಲ್ಪ ಗಾಳಿ ನುಗ್ಗಿದ್ರೂ ಬಿದ್ದ ಹೊಟ್ಟು ಮತ್ತೆ ಮೇಲೆದ್ದು ಫಿಲ್ಟರ್ ಸೇರ್ತದೆ.

ಕೈಮರ, ಚಿಕ್ಕಮಗಳೂರು:
ಎರಡು ತೊಂದರೆ ಬೆರೆಸಬೇಡಿ ಮಾರಾಯ್ರೆ. ಎಳೆತ ಸೋಲೋದು ಒಂದು, ಗೋಡೆಗೆ ಹಾರೋದು ಇನ್ನೊಂದು. ಸಾ ಸ್ಲೈಡಿಂಗಾ, ಅಂದ್ರೆ ತೋಳು ರೈಲಿನ ಮೇಲೆ ಹಿಂದೆ ಮುಂದೆ ಜಾರ್ತದಾ? ಮೂತಿ ಎಷ್ಟು ಎಂಎಂ? ಹೋಸ್ ಎಷ್ಟು ಉದ್ದ? ಮರ ಯಾವುದು, ಒಣಗಿದೆಯಾ? ಬ್ಲೇಡ್ ಹಿಂದೆ ನೇತಾಡೋ ರಬ್ಬರ್ ಇದೆಯಾ?

ಸಿಲ್ವರ್‌ಕೊಟ್ಟಿಗೆ:
10 ಇಂಚು ಅಂತ ಹೇಳಿದೀನಲ್ಲ. ಸೈಕ್ಲೋನೂ ಹಾಕಿದೆ. ಪೇಂಟ್ ಬಕೆಟ್ ಸ್ವಲ್ಪ ಹೊತ್ತಿಗೇ ಒಳಕ್ಕೆ ಚಪ್ಪಟೆ ಆಯ್ತು.

ಬಾಚಿಉಳಿ:
ಬಕೆಟ್ ತೆಳು. ಒಂದರೊಳಗೆ ಇನ್ನೊಂದು ಇಳಿಸಿ, ಇಲ್ಲಾಂದ್ರೆ ಒಳಗೆ 12 ಎಂಎಂ ಪ್ಲೈವುಡ್ ಬಳೆ ಕೊಟ್ಟು ಸ್ಕ್ರೂ ಹಾಕಿ. ಪಿವಿಸಿ ಪೈಪ್ ಎಳೆಯೋದಾದ್ರೆ ತಾಮ್ರದ ತಂತಿ ಸುತ್ತಿ ಅರ್ತ್ ಕೊಡಿ, ಹೊಟ್ಟು ಉಜ್ಜಿ ಹುಟ್ಟೋ ಸ್ಟ್ಯಾಟಿಕ್ ಕರೆಂಟಿಗೆ ಬೆಂಕಿ ಹತ್ತೀತು.

ಕೈಮರ:
ಪಿವಿಸಿ ವಿದ್ಯುತ್ ಹರಿಸೋಲ್ಲ. ತಂತಿ ತಾಗಿದ ಜಾಗದ ಚಾರ್ಜ್ ಮಾತ್ರ ಇಳೀತದೆ, ಪೈಪ್ ಪೂರ್ತಿ ಅರ್ತ್ ಆಗೋಲ್ಲ. ಮನೆ ಶೆಡ್ಡಲ್ಲಿ ಸ್ಟ್ಯಾಟಿಕ್ ಅಂದ್ರೆ ಕೈಗೆ ಚುರುಕ್ ಅನ್ನೋದು. ಹೆದರಬೇಕಾದ್ದು ಹೊಟ್ಟಿನ ಜತೆ ಒಳಗೆ ಹೋಗೋ ಮೊಳೆಯ ಕಿಡಿಗೆ.
ಬಕೆಟ್ ವಿಷಯಕ್ಕೆ ಬರೋಣ. ಗಾಳಿ ಸರಾಗ ಬರ್ತಿದ್ರೆ ಬಕೆಟ್ ಚಪ್ಪಟೆ ಆಗೋಲ್ಲ. ಬಕೆಟ್‌ಗೂ ಸಾಗೂ ನಡುವೆ ಎಲ್ಲೋ ಕಟ್ಟಿದೆ. ಹೋಸ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ.

ಬಾಚಿಉಳಿ:
ತಂತಿ ಸುತ್ತೋದ್ರಿಂದ ನಷ್ಟವೇನು? ಸುರಕ್ಷತೆ ವಿಷಯದಲ್ಲಿ ಹಗುರವಾಗಿ ಮಾತಾಡಬೇಡಿ.

ಗರಗಸ573103, ಅರಸೀಕೆರೆ:
ಇಲ್ಲಿ 2 ಎಚ್‌ಪಿ ಥ್ರೀ ಫೇಸ್ ಕಲೆಕ್ಟರ್ (ದಪ್ಪ ಪೈಪಲ್ಲಿ ಹೊಟ್ಟು ಎಳೆಯೋ ದೊಡ್ಡ ಮೆಷಿನ್), ಗೋಡೆ ಉದ್ದಕ್ಕೂ 4 ಇಂಚಿನ ಲೈನ್, ಪ್ರತಿ ಮೆಷಿನ್‌ಗೂ ಬ್ಲಾಸ್ಟ್ ಗೇಟ್, ಅಂದ್ರೆ ಗಾಳಿ ತಡೆಯೋ ಜಾರು ಬಾಗಿಲು. ಪ್ಲೇನರ್ ಹೊಟ್ಟೂ ನೆಲಕ್ಕೆ ಬೀಳೋಲ್ಲ. ಇನ್ನೊಂದು ಮಾತು: 1800 ವ್ಯಾಟಿನ ಸಾಗೆ 8 ಆಂಪ್, ವ್ಯಾಕ್ಯೂಮ್‌ಗೆ 5. ಎರಡನ್ನೂ ಒಟ್ಟಿಗೆ ಆನ್ ಮಾಡಿದ್ರೆ ಶುರುವಿನ ಕರೆಂಟ್ ಹೊಡೆತಕ್ಕೆ ಬಿ ಕರ್ವ್ ಎಂಸಿಬಿ (ಬೇಗ ಬೀಳೋ ಬಗೆಯ ಸುರಕ್ಷತಾ ಸ್ವಿಚ್) ಬೀಳಬಹುದು. ಮೊದಲು ವ್ಯಾಕ್ಯೂಮ್, ಎರಡು ಸೆಕೆಂಡ್ ಬಿಟ್ಟು ಸಾ.

ಸಿಲ್ವರ್‌ಕೊಟ್ಟಿಗೆ:
ಎಂಸಿಬಿ ತೊಂದರೆ ಇಲ್ಲ ಸರ್.
ಹೋಸ್ ಬಿಚ್ಚಿದೆ. ಒಳಗಿನ ಸುರುಳಿ ಸಂದೀಲೆಲ್ಲ ಹೊಟ್ಟು ಮೆತ್ತಿದೆ, ಡಿಕಾಕ್ಷನ್ ಇಳಿದ ಮೇಲಿನ ಚರಟದ ಹಾಗೆ. ಬಗ್ಗಿಸಿರೋ ಕಡೆ ಹೆಬ್ಬೆರಳೂ ತೂರಲ್ಲ. ಮರ ತೋಟದ ಸಿಲ್ವರ್ ಓಕ್, ಕುಯ್ಸಿ ತಿಂಗಳಾಯ್ತು. ಸಾ ಸ್ಲೈಡಿಂಗ್, ಮೂತಿ 36 ಎಂಎಂ, ಹೋಸ್ 6 ಮೀಟರ್. ರಬ್ಬರ್ ಹಲಗೆಗೆ ಸಿಕ್ಕಿಕೊಳ್ತಿತ್ತು, ಕತ್ತರಿಸಿ ಹಾಕಿದೀನಿ.

ಕೈಮರ:
ಮೊದಲೇ ಹೇಳಬೇಕಾದ್ದು ಇದೇ. ಹಸಿ ಮರದ ಹೊಟ್ಟು ಹೋಸಿಗೂ ಫಿಲ್ಟರಿಗೂ ಅಂಟ್ತದೆ. ಹಲಗೆ ನಡುವೆ ರೀಪರ್ ಕೊಟ್ಟು ಗಾಳಿಗೆ ಪೇರಿಸಿ, ತೇವ ಅಳೆಯೋ ಮೀಟರ್‌ನಲ್ಲಿ 14 ಶೇಕಡಾಕ್ಕೆ ಇಳಿದ ಮೇಲೆ ಕುಯ್ಯಿರಿ. ಅಲ್ಲೀತನಕ ಹೋಸ್ 2 ಮೀಟರ್ ಸಾಕು, ಮಡಿಕೆ ಬೇಡ, ವ್ಯಾಕ್ಯೂಮ್ ಅದೇ ದಿನ ಖಾಲಿ ಮಾಡಿ. ಈ ಮಳೇಲಿ ರಾತ್ರಿ ಒಳಗೇ ಬಿಟ್ಟ ಹಸಿ ಹೊಟ್ಟು ಬೂಷ್ಟು ಹಿಡೀತದೆ.
ಇನ್ನು ಗೋಡೆ. ಹಲ್ಲು ಮರದಿಂದ ಆಚೆ ಬರುವಾಗ ಹೊಟ್ಟನ್ನ ಹಿಂದಕ್ಕೆ ಚಿಮ್ಮಿಸ್ತದೆ. ಅದನ್ನ ಮೂತಿ ಕಡೆ ತಿರುಗಿಸೋದೇ ಆ ರಬ್ಬರ್. ಅದಿಲ್ಲಾಂದ್ರೆ ಎಂಥಾ ವ್ಯಾಕ್ಯೂಮೂ ಹಿಡಿಯೋಲ್ಲ, ಮೂತಿಯಿಂದ ನಾಲ್ಕು ಬೆರಳು ದೂರದಲ್ಲಿ ಹತ್ತಿ ಎಳೆ ಹಿಡಿದು ನೋಡಿ, ಅಲುಗೋದೇ ಕಷ್ಟ. ಹಳೇ ಸೈಕಲ್ ಟ್ಯೂಬ್ ಸೀಳಿ, ಮೂತಿಯ ಅಗಲಕ್ಕೆ ಎರಡು ಪದರ ಕತ್ತರಿಸಿ ಬೋಲ್ಟ್ ಹಾಕಿ. ಟ್ಯೂಬ್ ಮೆತ್ತಗಿರೋದ್ರಿಂದ ಹಲಗೆ ಮೇಲೆ ಬಾಗ್ತದೆ, ಸಿಕ್ಕಿಕೊಳ್ಳೋಲ್ಲ. ಪ್ಲಗ್ ಕಿತ್ತು, ತೋಳು ಪೂರ್ತಿ ಇಳಿಸಿ, ಹಿಂದೆ ಮುಂದೆ ಎಳೆದು, 45 ಡಿಗ್ರಿ ಓರೆ ಮಾಡಿ ಬ್ಲೇಡಿಗೆ ತಾಗೋಲ್ಲ ಅಂತ ನೋಡಿಯೇ ಕುಯ್ಯಿರಿ.
ಉಳಿದದ್ದಕ್ಕೆ ಹುಡ್. 6 ಎಂಎಂ ಪ್ಲೈನಲ್ಲಿ ಮುಂದೆ ತೆರೆದ ಡಬ್ಬ, ತೋಳು ಎರಡೂ ಕಡೆ 45 ತಿರುಗುವಷ್ಟು ಅಗಲ, ರೈಲು ಹಿಂದೆ ಹೋಗುವಷ್ಟು ಆಳ, ತಳ ಇಳಿಜಾರು, ಕೆಳಮೂಲೇಲಿ 4 ಇಂಚಿನ ತೂತು. ಇಕ್ಕೆಲಕ್ಕೆ ಹಳೇ ಫ್ಲೆಕ್ಸ್ ಬ್ಯಾನರ್ ಇಳಿಬಿಡಿ. ಇದಕ್ಕೆ 1 ಎಚ್‌ಪಿ ಕಲೆಕ್ಟರ್ ಬೇಕು, ವ್ಯಾಕ್ಯೂಮ್ ಸಾಲದು. ಆ ಕಲೆಕ್ಟರನ್ನ 36ರ ಮೂತಿಗೆ ಸಿಗಿಸಬೇಡಿ. 100 ಎಂಎಂ ಪೈಪಿನ ಬಾಯಿಯ ಎಂಟನೇ ಒಂದು ಭಾಗ ಅದು, ಉಸಿರು ಕಟ್ತದೆ.

ಗರಗಸ573103:
ಎನ್95 ಮಾಸ್ಕ್ ಬಿಡಬೇಡಿ. 1995ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ ಮರದ ಧೂಳನ್ನ ಕ್ಯಾನ್ಸರ್ ತರೋ ಮೊದಲ ಗುಂಪಿಗೆ ಸೇರಿಸಿದೆ. ಸಿಲ್ವರ್ ಓಕ್ ಕೆಲವರ ಚರ್ಮಕ್ಕೂ ಆಗೋಲ್ಲ.

ಸಿಲ್ವರ್‌ಕೊಟ್ಟಿಗೆ:
ಟ್ಯೂಬ್ ಹಾಕಿದೆ, ಹೋಸ್ 2 ಮೀಟರ್‌ಗೆ ತಂದೆ. ನೇರ ಕುಯ್ತದಲ್ಲಿ ಗೋಡೆಗೆ ಹೆಚ್ಚೂಕಮ್ಮಿ ನಿಂತಿದೆ. 45ಕ್ಕೆ ಓರೆ ಮಾಡಿದ್ರೆ ಇನ್ನೂ ಎಡಗಡೆಯಿಂದ ಹಾರ್ತದೆ, ಹುಡ್ ಮಾಡಲೇಬೇಕು. ಹಾರ್ಡ್‌ವೇರ್ ಅಂಗಡೀಲಿ 4 ಇಂಚಿನ ಪಿವಿಸಿ ತಂದೆ, 4 ಇಂಚಿನ ಹೋಸ್ ಅದರ ಮೇಲೆ ಏರ್ತಾನೇ ಇಲ್ಲ.

ಬಾಚಿಉಳಿ:
ಆ ಪೈಪಿನ ಹೊರ ಅಳತೆ 110 ಎಂಎಂ, ಹೋಸ್ ಒಳ ಅಳತೆ 100ರ ಹತ್ತಿರ. ಒಂದು ಗೇಣು ಪೈಪ್ ತಗೊಂಡು ಉದ್ದಕ್ಕೆ 35 ಎಂಎಂ ಅಗಲದ ಪಟ್ಟಿ ಕತ್ತರಿಸಿ ತೆಗೀರಿ, ಹೀಟ್ ಗನ್ನಲ್ಲಿ ಮೆತ್ತಗೆ ಮಾಡಿ ಸಂದು ಕೂಡಿಸಿ ಅಂಟಿಸಿ. ಮೇಲೆ ಹೋಸ್ ತೊಡಿಸಿ ಕ್ಲಿಪ್ ಬಿಗೀರಿ. ಸೈಕ್ಲೋನ್ ಮಾತ್ರ ತೆಗೀಬೇಡಿ, ಮರ ಒಣಗಿದ ಮೇಲೆ ಬೇಕಾಗ್ತದೆ.